ಎದೆಯುರಿಗೆ ಆಮ್ಲವನ್ನು ಬೈಯಬೇಡಿ

ಎದೆ ಉರಿದರೆ, ಹುಳಿತೇಗು ಬಂದರೆ ನಮ್ಮಲ್ಲಿ ತೀರ್ಪು ಸಿದ್ಧವಾಗಿಯೇ ಇರುತ್ತದೆ: ಹೊಟ್ಟೆಯಲ್ಲಿ ಆಸಿಡ್ ಜಾಸ್ತಿಯಾಗಿದೆ! ಇದನ್ನು ಕೇಳಿ ಕೇಳಿ ಸಾಕಾಗಿದೆ. ಎದೆಯುರಿಯಿಂದ ನರಳುವ ಬಹುಪಾಲು ಜನರ ಜಠರದಲ್ಲಿ ಆಮ್ಲ ಉಳಿದವರಿಗಿಂತ ಹೆಚ್ಚೇನೂ ತಯಾರಾಗುವುದಿಲ್ಲ. ಇರಬೇಕಾದಷ್ಟೇ ಇರುವ ಆಮ್ಲ ಹೋಗಬಾರದ ಕಡೆ ಹೋಗಿರುತ್ತದೆ. ಇಷ್ಟು ತಿಳಿಯದೆ, ಊಟದ ನಡುವೆ ನೀರು ಕುಡಿದರೆ ಜಠರಾಮ್ಲ ತೆಳುವಾಗಿ ಅನ್ನ ಕೊಳೆಯುತ್ತದೆಂದು ಹೆದರಿ ಗಂಟಲು ಒಣಗಿಸಿಕೊಂಡೇ ಉಣ್ಣುವವರಿದ್ದಾರೆ. ಒಂದು ಲೋಟ ನೀರಿಗೆ ಹೆದರುವಷ್ಟು ದುರ್ಬಲ ವ್ಯವಸ್ಥೆಯಲ್ಲ ಅದು. ಬೇಕೆನಿಸಿದಷ್ಟು ಆಮ್ಲವನ್ನು ಜಠರ ಮತ್ತೆ ಸುರಿಸಿಕೊಳ್ಳುತ್ತದೆ.

ಜಠರದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ ಎಂದು ಲಂಡನ್ನಿನ ವೈದ್ಯ ವಿಲಿಯಂ ಪ್ರೌಟ್ 1824ರಲ್ಲಿ ಪ್ರಕಟಿಸಿದ. ಅದು ಕೆಲಸ ಮಾಡುವುದನ್ನು ಕಣ್ಣಾರೆ ಕಾಣುವ ಅವಕಾಶ ಸಿಕ್ಕಿದ್ದು ಮಾತ್ರ ಅಮೆರಿಕದ ಸೇನಾ ವೈದ್ಯ ವಿಲಿಯಂ ಬೋಮಾಂಟ್‌ಗೆ. 1822ರ ಜೂನ್ 6ರಂದು ಹ್ಯೂರಾನ್ ಸರೋವರದ ಮ್ಯಾಕಿನಾ ದ್ವೀಪದಲ್ಲಿ, ತುಪ್ಪಳದ ವ್ಯಾಪಾರದಲ್ಲಿ ದುಡಿಯುತ್ತಿದ್ದ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ಫ್ರೆಂಚ್ ಕೆನಡಿಯನ್ ಯುವಕನಿಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಬದುಕುತ್ತಾನೆಂಬ ಆಸೆಯೇ ಯಾರಿಗೂ ಇರಲಿಲ್ಲ, ಆದರೂ ಬದುಕಿದ. ಗಾಯ ಮಾಗಿತು, ಜಠರಕ್ಕೆ ಬಿದ್ದ ತೂತು ಮುಚ್ಚಲಿಲ್ಲ. 1825ರ ಆಗಸ್ಟ್ 1ರ ಮಧ್ಯಾಹ್ನ ಬೋಮಾಂಟ್ ರೇಷ್ಮೆ ದಾರಕ್ಕೆ ಬೇಯಿಸಿದ ಮತ್ತು ಹಸಿ ಮಾಂಸದ ಚೂರುಗಳು, ಒಣಗಿದ ಬ್ರೆಡ್ಡು, ಹೆಚ್ಚಿದ ಎಲೆಕೋಸು ಕಟ್ಟಿ ಆ ತೂತಿನೊಳಗೆ ಇಳಿಬಿಟ್ಟ. ಒಂದು ಗಂಟೆಗೆ ಎಳೆದು ನೋಡಿದರೆ ಎಲೆಕೋಸು, ಬ್ರೆಡ್ಡು ಅರ್ಧ ಕರಗಿದ್ದವು, ಮಾಂಸ ಹಾಗೇ ಇತ್ತು. ಎರಡು ಗಂಟೆಗೆ ನೋಡಿದಾಗ ಬೇಯಿಸಿದ ಮಾಂಸವೂ ದಾರದಿಂದ ಮಾಯವಾಗಿತ್ತು. ಜೀರ್ಣಕ್ರಿಯೆ ರಾಸಾಯನಿಕ ಕ್ರಿಯೆ ಎಂಬ ಮಾತಿಗೆ ಇಂಥ ಪ್ರಯೋಗಗಳು ಗಟ್ಟಿ ನೆಲ ಒದಗಿಸಿದವು. ಸೇಂಟ್ ಮಾರ್ಟಿನ್ ಪಾಲಿಗೆ ಅದು ಸುಖದ ಬದುಕಾಗಿರಲಿಲ್ಲ. ಬಡತನ ಅವನನ್ನು ಪ್ರಯೋಗದ ವಸ್ತುವಾಗಿಸಿತ್ತು. 1880ರಲ್ಲಿ ಅವನು ತೀರಿಕೊಂಡಾಗ, ವೈದ್ಯರು ಆ ಜಠರಕ್ಕಾಗಿ ಶವ ಕೇಳದಿರಲೆಂದು ಮನೆಯವರು ದೇಹವನ್ನು ಕೊಳೆಯಲು ಬಿಟ್ಟು ಆಳದ ಗುಂಡಿಯಲ್ಲಿ ಹೂಳಿದರು. ಈ ಸಂಗತಿ ಓದಿದಾಗಲೆಲ್ಲ ಆ ಕುಟುಂಬದ ನೋವು ನನ್ನನ್ನು ತಟ್ಟುತ್ತದೆ.

ಅಂದಹಾಗೆ, ಉಂಡದ್ದನ್ನೆಲ್ಲ ಆಮ್ಲವೇ ಕರಗಿಸುತ್ತದೆ ಎಂಬುದೂ ಅರ್ಧ ಸತ್ಯ. ರಾಗಿ ಮುದ್ದೆಯ ಪಿಷ್ಟವನ್ನು ಒಡೆಯುವುದು ಬಾಯಿಯ ಜೊಲ್ಲು ಮತ್ತು ಮೇದೋಜೀರಕ ಗ್ರಂಥಿಯ ರಸ. ಜತೆಗಿನ ಬಸ್ಸಾರಿನ ಕಾಳಿನಲ್ಲಿರುವ ಪ್ರೋಟೀನಿಗೆ ಜಠರ ಬೇಕು. ಅಲ್ಲಿ ಆಮ್ಲ ಪ್ರೋಟೀನಿನ ಮಡಿಕೆಗಳನ್ನು ಬಿಡಿಸುತ್ತದೆ, ನಿಷ್ಕ್ರಿಯವಾಗಿದ್ದ ಪೆಪ್ಸಿನೊಜೆನ್ನನ್ನು ಪೆಪ್ಸಿನ್ ಕಿಣ್ವವಾಗಿಸುತ್ತದೆ. ಕತ್ತರಿಸುವ ಕೆಲಸ ಪೆಪ್ಸಿನ್ನಿನದು. ಊಟದ ಜತೆ ಒಳಹೋದ ರೋಗಾಣುಗಳಲ್ಲಿ ಬಹಳಷ್ಟು ಆಮ್ಲದಲ್ಲೇ ಸಾಯುತ್ತವೆ. ಸೊಪ್ಪಿನ ಕಬ್ಬಿಣಾಂಶ ದೇಹಕ್ಕೆ ದಕ್ಕಲು, ಆಹಾರಕ್ಕೆ ಅಂಟಿದ ಬಿ12 ಬಿಡುಗಡೆಯಾಗಲು ಅದೇ ಬೇಕು.

ನನಗೆ ಬೆರಗು ಹುಟ್ಟಿಸುವುದು ಈ ಆಮ್ಲ ತಯಾರಾಗುವ ಬಗೆ. ಜಠರದ ಗೋಡೆಯ ಪ್ಯಾರೈಟಲ್ ಕೋಶಗಳ ಒಳಗೆ ಆಮ್ಲೀಯತೆ ಹೆಚ್ಚುಕಡಿಮೆ ನೀರಿನಷ್ಟೇ, ಪಿಎಚ್ (ಆಮ್ಲೀಯತೆಯ ಅಳತೆ; ಅಂಕಿ ಒಂದು ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ) 7ರ ಆಸುಪಾಸು. ಅವು ಹೊರಹಾಕುವ ರಸದ ಪಿಎಚ್ ಸುಮಾರು 1. ಅಂದರೆ ಕೋಶದ ಗೋಡೆಯ ಆಚೆ ಹೈಡ್ರೋಜನ್ ಅಯಾನುಗಳ (ವಿದ್ಯುದಾವೇಶವಿರುವ ಪರಮಾಣುಗಳ) ಸಾಂದ್ರತೆ ಒಳಗಿನದಕ್ಕಿಂತ ಹತ್ತು ಲಕ್ಷ ಪಟ್ಟು. ಆಳದ ಬಾವಿಯಿಂದ ಕೊಡ ಕೊಡ ನೀರು ಸೇದಿ, ತುಂಬಿ ತುಳುಕುವ ಮಾಳಿಗೆ ತೊಟ್ಟಿಗೆ ಹೊತ್ತು ಸುರಿದಂತೆ ಈ ಕೆಲಸ. ಪ್ರೋಟಾನ್ ಪಂಪ್ ಎಂಬ ಪ್ರೋಟೀನು ಒಂದು ಪೊಟ್ಯಾಸಿಯಂ ಅಯಾನನ್ನು ಒಳಗೆಳೆದುಕೊಂಡು ಒಂದು ಹೈಡ್ರೋಜನ್ ಅಯಾನನ್ನು ಹೊರದಬ್ಬುತ್ತದೆ, ಪ್ರತಿ ಸಲವೂ ಕೋಶದ ಇಂಧನವಾದ ಎಟಿಪಿಯ ಒಂದು ಅಣುವಿನ ಶಕ್ತಿ ಖರ್ಚಾಗುತ್ತದೆ. ಈ ಶಕ್ತಿ ಒದಗಿಸಲು ಪ್ಯಾರೈಟಲ್ ಕೋಶದ ಗಾತ್ರದ ಮೂರನೇ ಒಂದು ಭಾಗವನ್ನು ಶಕ್ತಿ ತಯಾರಿಸುವ ಪುಟ್ಟ ಭಾಗಗಳಾದ ಮೈಟೊಕಾಂಡ್ರಿಯಾಗಳೇ ತುಂಬಿಕೊಂಡಿರುತ್ತವೆ. ಹೀಗೆ ದಿನಕ್ಕೆ ಸುಮಾರು 1.5ರಿಂದ 2 ಲೀಟರ್ ಜಠರರಸ ಸುರಿಯುತ್ತದೆ!

ಇಷ್ಟು ಕಟುವಾದ ರಸ ಜಠರವನ್ನೇ ಸುಡುವುದಿಲ್ಲ, ಏಕೆಂದರೆ ಅದರ ಒಳಮೈಗೆ ಬೈಕಾರ್ಬೊನೇಟ್ ತುಂಬಿದ ದಪ್ಪ ಲೋಳೆಯ ಹೊದಿಕೆ ಇದೆ. ಅನ್ನನಾಳಕ್ಕೆ ಅಂಥ ಹೊದಿಕೆ ಇಲ್ಲ. ಅದನ್ನು ಕಾಯುವುದು ಎರಡೂ ಸೇರುವಲ್ಲಿರುವ ಉಂಗುರದಂಥ ಸ್ನಾಯು. ನುಂಗುವಾಗ ಸಡಿಲಗೊಂಡು ಮತ್ತೆ ಬಿಗಿಯಾಗುವುದು ಅದರ ಕ್ರಮ. ಹೊಟ್ಟೆ ಬಿರಿಯುವಷ್ಟು ಉಂಡರೆ ತೇಗು ಹೊರಬಿಡಲೆಂದು ನುಂಗದಿದ್ದಾಗಲೂ ಅದು ಸಡಿಲಗೊಳ್ಳುತ್ತದೆ, ಗಾಳಿಯ ಹಿಂದೆಯೇ ಆಮ್ಲವೂ ಮೇಲೇರುತ್ತದೆ. ಬೊಜ್ಜು, ಬಸಿರು, ಧೂಮಪಾನ, ರಾತ್ರಿ ಹತ್ತೂವರೆಗೆ ಉಂಡು ಹನ್ನೊಂದಕ್ಕೆ ಮಲಗುವ ರೂಢಿ ಇದಕ್ಕೆ ಅನುಕೂಲ ಮಾಡಿಕೊಡುತ್ತವೆ. ಎಡಮಗ್ಗುಲಲ್ಲಿ ಮಲಗಿದರೆ ಈ ಸ್ನಾಯುವಿರುವ ಜಾಗ ಆಮ್ಲದ ಮಟ್ಟಕ್ಕಿಂತ ಮೇಲೆ ಉಳಿಯುತ್ತದೆ. ಕಾಸು ಖರ್ಚಿಲ್ಲದ ಒಳ್ಳೆಯ ಉಪಾಯ ಇದು. ಅಡುಗೆ ಸೋಡಾ ಕದಡಿ ಕುಡಿದರೆ ಆಮ್ಲ ತುಸು ಹೊತ್ತು ತಣ್ಣಗಾಗುವುದು ನಿಜ. ಆದರೆ ಆಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಜಠರವನ್ನು ಉಬ್ಬಿಸಿ ಅದೇ ಸ್ನಾಯುವನ್ನು ಮತ್ತೆ ಸಡಿಲಿಸುತ್ತದೆ, ಜತೆಗೆ ರಕ್ತದೊತ್ತಡ ಇರುವವರಿಗೆ ಬೇಡದ ಸೋಡಿಯಂ ಸೇರುತ್ತದೆ. ಎದೆ ಹಿಂಡಿದಂತಾಗಿ ಬೆವರು ಕಿತ್ತುಬಂದಾಗ, ನೋವು ತೋಳಿಗೋ ದವಡೆಗೋ ಹರಿದಾಗ ‘ಗ್ಯಾಸ್ ಅಷ್ಟೇ’ ಎಂದು ಸೋಡಾ ಕುಡಿಸುತ್ತ ಕೂರುವುದು ಜೀವಕ್ಕೇ ಕುತ್ತು. ಅದು ಹೃದಯಾಘಾತವಿರಬಹುದು, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮಾತ್ರೆಗಳು ಆಮ್ಲದ ಪಂಪನ್ನೇ ಹಿಡಿಯುತ್ತವೆ. ಮೇಲಿನ ಲೇಪ ಮಾತ್ರೆಯನ್ನು ಜಠರದಲ್ಲಿ ಕಾಪಾಡುತ್ತದೆ, ಮದ್ದು ಕರುಳಿನಲ್ಲಿ ಹೀರಲ್ಪಟ್ಟು ರಕ್ತದ ಮೂಲಕ ಪ್ಯಾರೈಟಲ್ ಕೋಶ ತಲುಪುತ್ತದೆ. ಅಲ್ಲಿ ಅದನ್ನು ಸಕ್ರಿಯಗೊಳಿಸುವುದು ಆ ಕೋಶ ಸುರಿಸುವ ಆಮ್ಲವೇ! ದುಡಿಯುತ್ತಿರುವ ಪಂಪಿಗೆ ಮಾತ್ರ ಅದು ಅಂಟಿಕೊಳ್ಳುತ್ತದೆ, ಅಂಟಿದ ಮೇಲೆ ಸುಲಭಕ್ಕೆ ಬಿಡುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಹೆಚ್ಚಿನ ಪಂಪುಗಳು ಸುಮ್ಮನಿರುತ್ತವೆ, ತಿಂಡಿ ಅವನ್ನು ಕೆಲಸಕ್ಕೆ ಎಬ್ಬಿಸುತ್ತದೆ. ಮದ್ದು ರಕ್ತದಲ್ಲಿ ಕೆಲವೇ ಗಂಟೆ ಉಳಿಯುವುದರಿಂದ ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಬೇಕು. ಇಡ್ಲಿ ತಿಂದು ಕಾಫಿ ಕುಡಿದಾದ ಮೇಲೆ ನುಂಗಿದರೆ ಪೂರ್ತಿ ಫಲ ಸಿಗದು. ಹುಣ್ಣಿನಿಂದ ರಕ್ತಸ್ರಾವವಾದವರಿಗೆ, ಅನ್ನನಾಳ ಗಾಯಗೊಂಡವರಿಗೆ ಇದು ದೊಡ್ಡ ವರ. ಉಳಿದವರು ವೈದ್ಯರನ್ನು ಕೇಳದೆ ವರ್ಷಗಟ್ಟಲೆ ನುಂಗುತ್ತಿದ್ದರೆ ಬಿ12, ಮೆಗ್ನೀಸಿಯಂ ಕಡಿಮೆಯಾಗಬಹುದು. ಥಟ್ಟನೆ ನಿಲ್ಲಿಸಿದರೆ, ಅಷ್ಟು ದಿನ ಅದುಮಿಟ್ಟಿದ್ದ ಆಮ್ಲ ಕೆಲವು ವಾರ ಮೊದಲಿಗಿಂತ ಹೆಚ್ಚಾಗಿ ಸುರಿಯಬಹುದು. ಆಗ ಕಾಯಿಲೆ ಮರಳಿತೆಂದು ಮತ್ತೆ ಮಾತ್ರೆಗೆ ಕೈಚಾಚುವವರೇ ಹೆಚ್ಚು. ಬಿಡುವ ಯೋಚನೆಯಿದ್ದರೆ ವೈದ್ಯರೊಂದಿಗೆ ಮಾತಾಡಿ, ಪ್ರಮಾಣ ಇಳಿಸುತ್ತ ಬಂದು ಬಿಡಿ.