ಟ್ರ್ಯಾಕ್ಟರಿನ ಉಸಿರು: ಏರ್ ಕ್ಲೀನರ್ ಬಗ್ಗೆ ನನ್ನ ನೋಟ್ಸ್

ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಓದುವಾಗ ಏರ್ ಕ್ಲೀನರ್ ಪಾಠ ನನ್ನ ನೋಟ್‌ಬುಕ್ಕಿನಲ್ಲಿ ಒಂದೂವರೆ ಪುಟ ದಾಟಿರಲಿಲ್ಲ. ಒಂದು ಚಿತ್ರ, ಬಾಣ ಹಾಕಿ ಬರೆದ ಐದಾರು ಹೆಸರು, ಕೆಳಗೆ "ಗಾಳಿಯಲ್ಲಿನ ಧೂಳನ್ನು ಶೋಧಿಸುವುದು" ಎಂಬ ಒಂದು ಸಾಲು. ಪರೀಕ್ಷೆಗೆ ಅಷ್ಟು ಸಾಕಾಯಿತು, ಹೊಲದಲ್ಲಿ ಸಾಕಾಗಲಿಲ್ಲ. ಆ ಒಂದೂವರೆ ಪುಟವನ್ನೇ ಈಗ ಮತ್ತೆ ಬರೆಯುತ್ತಿದ್ದೇನೆ, ಈ ಸಲ ಟ್ರ್ಯಾಕ್ಟರಿನ ಪಕ್ಕ ಕೂತು. ಟ್ರೇಡ್ ಓದುತ್ತಿರುವವರ ಜೊತೆಗೆ, ಮನೆಯ ಗಾಡಿಯ ಸಣ್ಣಪುಟ್ಟ ಕೆಲಸ ತಾವೇ ಮಾಡಿಕೊಳ್ಳುವವರಿಗೂ ಉಪಯೋಗಕ್ಕೆ ಬಂದೀತು.

ಎಷ್ಟು ಗಾಳಿ ಕುಡಿಯುತ್ತದೆ?

ಮೊದಲು ಲೆಕ್ಕ ಮಾಡಿ ನೋಡೋಣ. 3 ಸಿಲಿಂಡರಿನ, 2500 ಸಿಸಿ ಎಂಜಿನ್ ತೆಗೆದುಕೊಳ್ಳಿ. ನಮ್ಮೂರ ಕಡೆಯ 40–45 ಎಚ್‌ಪಿ ಟ್ರ್ಯಾಕ್ಟರುಗಳಲ್ಲಿ ಸುಮಾರಾಗಿ ಇದೇ ಅಳತೆ. ಫೋರ್ ಸ್ಟ್ರೋಕ್ ಆದ್ದರಿಂದ ಎರಡು ಸುತ್ತಿಗೆ ಒಂದು ಸಲ ಗಾಳಿ ಎಳೆಯುತ್ತದೆ. 2000 ಆರ್‌ಪಿಎಂನಲ್ಲಿ ನಿಮಿಷಕ್ಕೆ 1000 ಸಲ, ಅಂದರೆ 2500 ಲೀಟರ್. ಸಿಲಿಂಡರ್ ಯಾವತ್ತೂ ಕಂಠಪೂರ್ತಿ ತುಂಬುವುದಿಲ್ಲ. ಶೇ 85 ಎಂದಿಟ್ಟುಕೊಂಡರೂ ಗಂಟೆಗೆ 1,27,500 ಲೀಟರ್, ಹತ್ತಿರ ಹತ್ತಿರ 127 ಘನ ಮೀಟರ್. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ನಾಲ್ಕೂವರೆ ಕೋಣೆಗಳಲ್ಲಿ ಹಿಡಿಯುವಷ್ಟು ಗಾಳಿ ಒಂದು ಗಂಟೆಯಲ್ಲಿ ಒಳಗೆ ಹೋಗುತ್ತದೆ.

ಇಲ್ಲಿ ಪೆಟ್ರೋಲ್ ಎಂಜಿನ್ನಿಗೂ ಡೀಸೆಲ್ಲಿಗೂ ಇರುವ ವ್ಯತ್ಯಾಸವನ್ನು ಗಟ್ಟಿ ಹಿಡಿದುಕೊಳ್ಳಿ, ಮುಂದೆ ಎರಡು ಸಲ ಬೇಕಾಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಥ್ರಾಟಲ್ ಎಂಬ ಕವಾಟ ಗಾಳಿಯನ್ನು ತಡೆದು, ಬೇಕಾದಷ್ಟೇ ಒಳಗೆ ಬಿಡುತ್ತದೆ. ಟ್ರ್ಯಾಕ್ಟರಿನ ಸಾದಾ ಡೀಸೆಲ್ ಎಂಜಿನ್ನಿನಲ್ಲಿ ಆ ತಡೆ ಇಲ್ಲ. ನಾವು ಕೈಯಲ್ಲಿ ಎಳೆಯುವ ಲಿವರ್ ಡೀಸೆಲ್ ಪ್ರಮಾಣವನ್ನು ಬದಲಿಸುತ್ತದೆಯೇ ಹೊರತು ಗಾಳಿಯದ್ದನ್ನಲ್ಲ. ಹಾಗಾಗಿ ರಾಶಿ ಮಷೀನಿಗೆ ಹಚ್ಚಿ ಒಂದೇ ಕಡೆ ನಿಲ್ಲಿಸಿದ ಟ್ರ್ಯಾಕ್ಟರ್ ಲೋಡ್ ಕಡಿಮೆ ಇದ್ದರೂ ಆ ಆರ್‌ಪಿಎಂಗೆ ತಕ್ಕ ಗಾಳಿಯನ್ನು ಪೂರ್ತಿ ಎಳೆಯುತ್ತಲೇ ಇರುತ್ತದೆ. ಅದೂ ಹೊಟ್ಟು ಹಾರುವ ಕಡೆಯೇ ನಿಂತು.

ಧೂಳಿನ ಲೆಕ್ಕ ಇನ್ನೂ ಜೋರು. ಏರ್ ಕ್ಲೀನರುಗಳನ್ನು ಪರೀಕ್ಷಿಸುವ ಐಎಸ್‌ಒ 5011 ಕ್ರಮದಲ್ಲಿ ಘನ ಮೀಟರ್ ಗಾಳಿಗೆ 1 ಗ್ರಾಂ ಧೂಳು ಬೆರೆಸುತ್ತಾರೆ. ಅಂಥ ಗಾಳಿಯಲ್ಲಿ ನಮ್ಮ ಎಂಜಿನ್ ಎಂಟು ಗಂಟೆ ನಡೆದರೆ ಕ್ಲೀನರಿನ ಬಾಯಿಗೆ ಬರುವ ಧೂಳು ಒಂದು ಕೆಜಿ! ಶೇ 99 ಹಿಡಿಯುವ ಫಿಲ್ಟರ್ ಕೂಡ 10 ಗ್ರಾಂ ಒಳಗೆ ಬಿಡುತ್ತದೆ. (ಆ ಪರೀಕ್ಷಾ ಧೂಳಿನ ಮೂಲ ಅಮೆರಿಕದ ಅರಿಝೋನಾ ಮರುಭೂಮಿ. ನಮ್ಮ ಎರೆ ಮಣ್ಣನ್ನು ಯಾರೂ ಕೇಳಿದಂತಿಲ್ಲ.)

ಧೂಳಿನಲ್ಲಿರುವ ಮರಳಿನ ಕಣ, ಅಂದರೆ ಕ್ವಾರ್ಟ್ಸ್, ಗಟ್ಟಿತನದ ಮೋಸ್ ಅಳತೆಯಲ್ಲಿ (1ರಿಂದ 10) 7ರಷ್ಟು ಗಟ್ಟಿ. ಪಿಸ್ಟನ್ ರಿಂಗಿಗೂ ಸಿಲಿಂಡರಿನ ಒಳಗೋಡೆಯಾದ ಲೈನರಿಗೂ ನಡುವೆ ಇರುವ ಆಯಿಲ್ ಪೊರೆ ಕೆಲವೇ ಮೈಕ್ರಾನ್ ದಪ್ಪ. ಕಣ್ಣಿಗೆ ಕಾಣದ 5–20 ಮೈಕ್ರಾನಿನ ಕಣ ಅಲ್ಲಿ ಸಿಕ್ಕಿಕೊಂಡರೆ ಸಾಣೆ ಹಿಡಿದಂತೆ ಉಜ್ಜುತ್ತದೆ. ಕೈಗೆ ತಾಗುವಂಥ ದಪ್ಪ ಧೂಳನ್ನು ಗಾಳಿ ಒಳಬರುವ ಬಾಯಿಯ ಮೇಲೆ ಕೂರುವ ಪ್ರಿ-ಕ್ಲೀನರೇ ಉದುರಿಸಿಬಿಡುತ್ತದೆ. ಎಂಜಿನ್ ಹಾಳು ಮಾಡುವುದು ಪೌಡರಿನಂಥ ಸಣ್ಣ ಧೂಳು.

ಆಯಿಲ್ ಬಾತ್

ಹಳೆಯ ಟ್ರ್ಯಾಕ್ಟರುಗಳಲ್ಲಿ ಹೆಚ್ಚಾಗಿ ಇರುವುದು ಇದು. ಗಾಳಿ ನಡುವಿನ ಕೊಳವೆಯಲ್ಲಿ ಕೆಳಗಿಳಿದು, ತಳದ ಬಟ್ಟಲಿನಲ್ಲಿರುವ ಆಯಿಲ್ ಮೇಲೆ ಬಡಿದು, ಥಟ್ಟನೆ ಮೇಲಕ್ಕೆ ತಿರುಗುತ್ತದೆ. ಭಾರದ ಕಣ ಅಷ್ಟು ಬೇಗ ತಿರುಗಲಾರದೆ ಆಯಿಲ್ಲಿಗೆ ಬೀಳುತ್ತದೆ. ಗಾಳಿಯ ಜೊತೆ ಹಾರಿದ ಆಯಿಲ್ ಹನಿಗಳು ಮೇಲಿನ ತಂತಿ ಜಾಳಿಗೆಯನ್ನು ತೋಯಿಸಿಡುತ್ತವೆ, ಉಳಿದ ಧೂಳು ಅಲ್ಲಿ ಅಂಟುತ್ತದೆ, ತೊಳೆದುಕೊಂಡು ಮತ್ತೆ ಬಟ್ಟಲಿಗೇ ಇಳಿಯುತ್ತದೆ. ಬುದ್ಧಿವಂತ ಏರ್ಪಾಡು. ಒಂದೇ ದೋಷ: ಗಾಳಿಯ ವೇಗ ಇದ್ದರಷ್ಟೇ ಈ ಆಟ ನಡೆಯುತ್ತದೆ. ಐಡಲ್‌ನಲ್ಲಿ ಬಿಟ್ಟು ಚಹಾ ಕುಡಿಯಲು ಹೋದರೆ ಶೋಧಿಸುವ ಶಕ್ತಿ ಇಳಿಯುತ್ತದೆ. ಧೂಳಿನ ನಡುವೆ ಸುಮ್ಮನೆ ಐಡಲ್ ಬಿಡಬೇಡಿ ಎನ್ನುವುದಕ್ಕೆ ಡೀಸೆಲ್ ಖರ್ಚಿನ ಜೊತೆ ಇದೂ ಒಂದು ಕಾರಣ.

ಬಟ್ಟಲು ಬಿಚ್ಚುವ ಮೊದಲು ಎಂಜಿನ್ ಬಂದ್ ಮಾಡಿ ಕಾಲು ಗಂಟೆಯಿಂದ ಅರ್ಧ ಗಂಟೆ ಕಾಯಿರಿ, ಜಾಳಿಗೆಯ ಆಯಿಲ್ ಕೆಳಗಿಳಿಯಲಿ. ತಕ್ಷಣ ಬಿಚ್ಚಿದರೆ ಲೆವೆಲ್ ಕಡಿಮೆ ಕಾಣುತ್ತದೆ, ನೀವು ಮೇಲೆ ಸುರಿಯುತ್ತೀರಿ, ಆಮೇಲೆ ಅದು ಹೆಚ್ಚಾಗಿ ಕೂರುತ್ತದೆ. ತಳದಲ್ಲಿ ಬೆರಳಾಡಿಸಿ: ರಾಡಿ ಅರ್ಧ ಇಂಚಿನ ಹತ್ತಿರ ಬಂದಿದ್ದರೆ, ಅಥವಾ ಆಯಿಲ್ ಅಂಬಲಿಯಂತೆ ದಪ್ಪಗಾಗಿದ್ದರೆ ಚೆಲ್ಲಿ. ರಾಶಿ ಹಂಗಾಮಿನಲ್ಲಿ ದಿನಾ ನೋಡಲೇಬೇಕು. ಬಟ್ಟಲು, ಜಾಳಿಗೆ ಎರಡನ್ನೂ ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ತೊಳೆದು, ಚೆನ್ನಾಗಿ ಸೋರಿಸಿ ಒಣಗಿಸಿ. ಪೆಟ್ರೋಲ್ ಬೇಡ. ಎಂಜಿನ್ನಿಗೆ ಹಾಕುವ ಗ್ರೇಡಿನ ಹೊಸ ಆಯಿಲ್ಲನ್ನೇ ಗುರುತಿನ ತನಕ ಹಾಕಿ. ಎಂಜಿನ್ನಿಂದ ಇಳಿಸಿದ ಕರಿ ಆಯಿಲ್ ಸುರಿಯುವ ರೂಢಿ ಊರಲ್ಲಿದೆ. ಮಸಿ, ಕಬ್ಬಿಣದ ಪುಡಿ ತುಂಬಿದ ಆಯಿಲ್ಲಿನಿಂದ ಗಾಳಿ ತೊಳೆಯುವುದು ನನಗಂತೂ ಒಪ್ಪಿಗೆಯಿಲ್ಲ.

ಗುರುತು ದಾಟಿ ಹಾಕಿದರೆ ಏನಾಗುತ್ತದೆ ಎಂಬುದು ವೈವಾದಲ್ಲಿ ಬರುವ ಪ್ರಶ್ನೆ. "ಆಯಿಲ್ ವೇಸ್ಟ್" ಎಂದು ಉತ್ತರ ಕೊಡಬೇಡಿ. ಹೆಚ್ಚಿನ ಆಯಿಲ್ ಗಾಳಿಯ ಜೊತೆ ಸಿಲಿಂಡರಿಗೆ ಹೋಗುತ್ತದೆ, ಡೀಸೆಲ್ ಎಂಜಿನ್ ಅದನ್ನೂ ಇಂಧನವೆಂದೇ ಸುಡುತ್ತದೆ. ಆಗ ಡೀಸೆಲ್ ಹೆಚ್ಚುಕಡಿಮೆ ಮಾಡಿ ವೇಗ ಹಿಡಿದಿಡುವ ಗವರ್ನರ್ ಕೈಯಲ್ಲಿ ಏನೂ ಉಳಿಯುವುದಿಲ್ಲ. ಸ್ಟಾಪ್ ನಾಬ್ ಎಳೆದರೂ ನಿಲ್ಲುವುದು ಡೀಸೆಲ್ ಮಾತ್ರ. ಎಂಜಿನ್ ಕೂಗುತ್ತಾ ಏರುತ್ತಲೇ ಹೋಗುತ್ತದೆ. ನಿಲ್ಲಿಸುವ ದಾರಿ ಗಾಳಿ ಕಟ್ಟುವುದು: ಗಾಳಿ ಹೋಗುವ ಬಾಯಿಗೆ ಚಪ್ಪಟೆ ಹಲಗೆ ಒತ್ತಿ ಹಿಡಿಯಬೇಕು. ಕೈ ಒಡ್ಡಬಾರದು.

ಕಾಗದದ ಫಿಲ್ಟರ್

ಹೊಸ ಗಾಡಿಗಳಲ್ಲಿ ಒಳಗೊಂದು, ಹೊರಗೊಂದು ಎರಡು ಎಲಿಮೆಂಟ್ ಇರುತ್ತವೆ. ಹೊರಗಿನ ದೊಡ್ಡದು ಮೇನ್, ಒಳಗಿನ ಸಣ್ಣದು ಸೇಫ್ಟಿ. ಸೇಫ್ಟಿಯನ್ನು ಊದಿ ಮತ್ತೆ ಹಾಕುವಂತಿಲ್ಲ. ಮೇನ್ ಮೂರು ಸಲ ಬದಲಾದರೆ ಇದು ಒಂದು ಸಲ, ಇದು ಸಾಮಾನ್ಯ ಲೆಕ್ಕ. ಮೇನ್ ತೆಗೆದಾಗ ಸೇಫ್ಟಿಯ ಮೈಮೇಲೆ ಧೂಳು ಕಂಡರೆ ಮೇನ್ ಎಲ್ಲೋ ಹರಿದಿದೆ ಅಥವಾ ಸರಿಯಾಗಿ ಕೂತಿಲ್ಲ ಎಂದರ್ಥ.

ಹವಾ ಹೊಡೆಯುವುದಾದರೆ ಒಳಗಿನಿಂದ ಹೊರಗೆ, 30 ಪಿಎಸ್‌ಐ ದಾಟದಂತೆ, ನಳಿಕೆಯನ್ನು ಕಾಗದದಿಂದ ದೂರ ಹಿಡಿದು. ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಪೂರ್ತಿ ಒತ್ತಡ ಬಿಟ್ಟರೆ ಮಡಿಕೆಗಳಲ್ಲಿ ಸೂಜಿಯಷ್ಟು ತೂತು ಬೀಳುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕತ್ತಲ ಕೋಣೆಯಲ್ಲಿ ಒಳಗೆ ಬಲ್ಬ್ ಇಳಿಬಿಟ್ಟು ಸುತ್ತ ತಿರುಗಿಸಿ. ಚುಕ್ಕಿಯಂತೆ ಬೆಳಕು ಚುಚ್ಚಿದರೆ ಎಸೆಯಿರಿ. ಟೈರಿಗೆ ಕುಟ್ಟಿ ಧೂಳು ಉದುರಿಸುವ ಚಾಳಿಯನ್ನು ಎಲ್ಲರೂ ನೋಡಿದ್ದೀರಿ, ನಾನೂ ಮಾಡಿದ್ದೇನೆ. ತಗಡಿನ ಅಂಚು ಒಂದು ಕೂದಲೆಳೆ ಸೊಟ್ಟಗಾದರೂ ಗ್ಯಾಸ್ಕೆಟ್ ಸರಿ ಕೂರದು.

ಇನ್ನೊಂದು ಮಾತು ನನಗೆ ತಡವಾಗಿ ತಿಳಿಯಿತು. ಕಾಗದದ ಫಿಲ್ಟರ್ ಹೊಸದಿದ್ದಾಗಲ್ಲ, ಸ್ವಲ್ಪ ಬಳಸಿದ ಮೇಲೆಯೇ ಚೆನ್ನಾಗಿ ಶೋಧಿಸುತ್ತದೆ. ಮೇಲೆ ಕೂತ ಧೂಳಿನ ಪದರವೇ ಸಣ್ಣ ಕಣವನ್ನು ಹಿಡಿಯುತ್ತದೆ. ದಿನಾ ಬಿಚ್ಚಿ ಊದುವವನು ಆ ಪದರವನ್ನು ಕಳೆದುಕೊಳ್ಳುತ್ತಾನೆ. ಮೇಲಾಗಿ ಬಿಚ್ಚಿದಾಗಲೆಲ್ಲ ಒಂದಿಷ್ಟು ಧೂಳು ಶುದ್ಧ ಗಾಳಿಯ ಕಡೆ ಉದುರುತ್ತದೆ. ಫಿಲ್ಟರ್ ಕಟ್ಟಿದ್ದನ್ನು ತೋರಿಸುವ ಇಂಡಿಕೇಟರ್ ಕೆಂಪಾಗುವ ತನಕ ಕೈ ಕಟ್ಟಿ ಕೂರುವುದೂ ಒಂದು ಕೆಲಸವೇ. ದಿನಾ ಮಾಡಬೇಕಾದ್ದು ತಳದ ರಬ್ಬರ್ ಮೂತಿಯನ್ನು ಹಿಂಡಿ ಧೂಳು ಬೀಳಿಸುವುದು, ಅಷ್ಟೇ.

ಇಂಡಿಕೇಟರ್ ಇಲ್ಲವೇ? ಗೌಂಡಿಯ ಲೆವೆಲ್ ಟ್ಯೂಬ್ ಇದೆ

ಹಳೆಯ ಗಾಡಿಗಳಲ್ಲಿ ಇಂಡಿಕೇಟರ್ ಇರುವುದಿಲ್ಲ, ಇದ್ದರೂ ಸತ್ತಿರುತ್ತದೆ. ಗೌಂಡಿಗಳು ನೀರು ತುಂಬಿ ಮಟ್ಟ ನೋಡುವ ಪಾರದರ್ಶಕ ಪೈಪ್ ಸಾಕು. ಅದನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ಅರ್ಧ ನೀರು ಹಾಕಿ. ಚಿಟಿಕೆ ಅರಿಶಿನ ಬೆರೆಸಿದರೆ ಗೆರೆ ದೂರಕ್ಕೆ ಕಾಣುತ್ತದೆ. ಒಂದು ತುದಿಯನ್ನು ಫಿಲ್ಟರಿನ ನಂತರದ ಕಡೆ, ಇಂಡಿಕೇಟರ್ ಕೂರುವ ತೂತಿಗೆ ಬಿಗಿಯಾಗಿ ಸಿಕ್ಕಿಸಿ, ಇನ್ನೊಂದನ್ನು ಬಾಯಿ ತೆರೆದು ಬಿಡಿ. ಎಂಜಿನ್ ಕಡೆಯ ಕೊಳವೆ ನೀರಿನ ಮಟ್ಟಕ್ಕಿಂತ ಒಂದು ಮೀಟರ್ ಮೇಲಕ್ಕಿರಲಿ, ಇಲ್ಲವಾದರೆ ನೀರು ಒಳಗೆ ಹೋದೀತು. ಪೂರ್ತಿ ಆರ್‌ಪಿಎಂ ಕೊಟ್ಟು, ಎರಡೂ ಕಡೆಯ ನೀರಿನ ಎತ್ತರದ ಅಂತರ ಅಳೆಯಿರಿ. ಸಾಮಾನ್ಯವಾಗಿ 500ರಿಂದ 635 ಮಿ.ಮೀ. (20–25 ಇಂಚು) ಬಂದರೆ ಫಿಲ್ಟರ್ ಕಟ್ಟಿದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ.

ಲೋಡ್ ಕೊಡದೆ ಅಳೆದರೆ ನಡೆಯುತ್ತದೆಯೇ ಎಂದು ಜೂನಿಯರ್ ಒಬ್ಬ ಕೇಳಿದ. ಮೇಲೆ ಗಟ್ಟಿ ಹಿಡಿಯಿರಿ ಎಂದೆನಲ್ಲ, ಅದು ಇಲ್ಲಿ ಉತ್ತರ ಕೊಡುತ್ತದೆ. ಥ್ರಾಟಲ್ ಇಲ್ಲದ ಕಾರಣ ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಅದೇ ಆರ್‌ಪಿಎಂನಲ್ಲಿ ಲೋಡ್ ಇದ್ದರೂ ಇಲ್ಲದಿದ್ದರೂ ಸುಮಾರು ಅಷ್ಟೇ ಗಾಳಿ ಎಳೆಯುತ್ತದೆ. ಟರ್ಬೊ ಇದ್ದರೆ ಮಾತ್ರ ಲೋಡ್ ಕೊಟ್ಟೇ ಅಳೆಯಬೇಕು, ಏಕೆಂದರೆ ಲೋಡ್ ಏರಿದಂತೆ ಅದು ಹೆಚ್ಚು ಗಾಳಿ ತುಂಬುತ್ತದೆ.

ನಿಜವಾದ ಜಾಗ: ಫಿಲ್ಟರಿನಿಂದ ಮ್ಯಾನಿಫೋಲ್ಡಿನ ತನಕ

ಫಿಲ್ಟರ್ ಕಟ್ಟಿದರೆ ಎಂಜಿನ್ ಹೇಳುತ್ತದೆ: ಕಪ್ಪು ಹೊಗೆ, ಎಳೆತ ಕಡಿಮೆ, ಡೀಸೆಲ್ ಜಾಸ್ತಿ. ತೊಳೆದರೆ, ಬದಲಿಸಿದರೆ ಮುಗಿಯಿತು. ಆದರೆ ಫಿಲ್ಟರ್ ದಾಟಿದ ಮೇಲೆ ಪೈಪ್ ಎಲ್ಲಾದರೂ ಬಿಟ್ಟಿದ್ದರೆ ಎಂಜಿನ್ ಏನೂ ಹೇಳುವುದಿಲ್ಲ. ಗಾಳಿ ಧಾರಾಳ ಸಿಗುತ್ತದೆ, ಹೊಗೆ ಇಲ್ಲ, ಎಳೆತ ಚೆನ್ನಾಗಿದೆ. ಹೇಳುವ ಹೊತ್ತಿಗೆ ರಿಂಗ್ ಸವೆದಿರುತ್ತದೆ.

ನಮ್ಮ ಮನೆಯ ಗಾಡಿಯಲ್ಲೇ ಇದು ಆಯಿತು. ಎಂಜಿನ್ ಇಳಿಸಿ ಲೈನರ್, ಪಿಸ್ಟನ್ ಹೊಸದು ಹಾಕಿಸಿ ಒಂದು ತೊಗರಿ ಹಂಗಾಮು ಕಳೆದಿತ್ತು. ಎಂಜಿನ್ನಿನ ಹೊಟ್ಟೆಯ ಗಾಳಿ ಹೊರಬಿಡುವ ಬ್ರೀದರಿನಿಂದ ಬುಸುಬುಸು ಹೊಗೆ, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ವಾರಕ್ಕೊಮ್ಮೆ ಇಳಿಯುತ್ತಿತ್ತು. ನಾನು ಬಟ್ಟಲು ತೊಳೆದು, ಜಾಳಿಗೆ ತೊಳೆದು, ಆಯಿಲ್ ಹೊಸದು ಹಾಕಿ ಹೆಮ್ಮೆಯಿಂದ ನಿಂತಿದ್ದೆ. ಪಕ್ಕದೂರಿನ ವಯಸ್ಸಾದ ಮಿಸ್ತ್ರಿ ಬಂದವರು ಬಟ್ಟಲಿನ ಕಡೆ ನೋಡಲೂ ಇಲ್ಲ.

"ತಮ್ಮಾ, ಜಾಳಿಗಿ ತೊಳದಿ, ಛಲೋ ಆಯ್ತು. ಪೈಪಿನ ಒಳಗ ಬಟ್ಟು ಹಾಕಿ ನೋಡಿಯೇನು?"

"ಇಲ್ಲ ಕಾಕಾ."

"ಹಾಕು."

ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಕಡೆಯ ಪೈಪ್ ಬಿಚ್ಚಿ ಬೆರಳು ಹಾಕಿದೆ. ಬೂದಿ ಬಣ್ಣದ ನುಣ್ಣನೆ ಪುಡಿ ಅಂಟಿಕೊಂಡು ಬಂತು. ಕಾಕಾ ನನ್ನ ಬೆರಳು ಹಿಡಿದು ನೋಡಿ, "ವಿಭೂತಿ ಹಚ್ಚೀರಿ ನೋಡು ಎಂಜಿನ್ನಿಗಿ" ಎಂದರು. ಅಪ್ಪ ನಗಲಿಲ್ಲ.

ಕಳ್ಳ ಇದ್ದದ್ದು ರಬ್ಬರ್ ಎಲ್ಬೋದ (ಬಾಗಿದ ಪೈಪಿನ) ಹೊಟ್ಟೆಯ ಕಡೆ, ಕ್ಲಿಪ್ಪಿನ ಅಂಚಿಗೆ ಸರಿಯಾಗಿ. ಮೇಲಿನಿಂದ ನೋಡಿದರೆ ಹೊಸದರಂತೆಯೇ ಇತ್ತು. ಬಿಚ್ಚಿ ಕೈಯಲ್ಲಿ ಹಿಂದಕ್ಕೆ ಬಗ್ಗಿಸಿದಾಗ ಉಗುರಿನಷ್ಟು ಉದ್ದದ ಸೀಳು ಬಾಯಿ ಬಿಟ್ಟಿತು. ಎಂಜಿನ್ ಜೋಡಿಸಿದವರು ಹಳೇ ಎಲ್ಬೋವನ್ನೇ ಹಾಕಿ ಕ್ಲಿಪ್ಪನ್ನು ಅತಿಯಾಗಿ ಬಿಗಿದಿದ್ದರು. ಸಾವಿರಾರು ರೂಪಾಯಿಯ ಲೈನರ್ ಹಾಳಾದದ್ದು ಒಂದು ರಬ್ಬರ್ ತುಂಡಿನಿಂದ.

ಅಂದಿನಿಂದ ನನ್ನ ಕ್ರಮ ಹೀಗಿದೆ. ಪ್ರತಿ ಹಂಗಾಮಿನ ಮುಂಚೆ ಎಲ್ಲ ರಬ್ಬರ್ ಪೈಪುಗಳನ್ನೂ ಬಿಚ್ಚಿ, ಬಗ್ಗಿಸಿ, ಒಳಹೊರಗೆ ನೋಡುತ್ತೇನೆ. ಗಟ್ಟಿಯಾಗಿದ್ದರೆ, ಗೀರು ಇದ್ದರೆ ಬದಲಿ. ಸೀಳಿದ್ದಕ್ಕೆ ಟೇಪ್ ಸುತ್ತುವುದಿಲ್ಲ. ಎಳೆತಕ್ಕೆ ಟೇಪ್ ಒಳಗೆ ಕುಸಿದು ಸೀಳು ತೆರೆದೇ ಇರುತ್ತದೆ. ಪೈಪಿನ ತುದಿ ಕೂರುವ ಕಬ್ಬಿಣದ ಕಡೆ ತುಕ್ಕು ಇದ್ದರೆ ಉಜ್ಜುತ್ತೇನೆ. ಸ್ಕ್ರೂ ಇರುವ ಹೋಸ್ ಕ್ಲಿಪ್ಪನ್ನು ರಬ್ಬರ್ ಉಬ್ಬದಷ್ಟು ಬಿಗಿಯುತ್ತೇನೆ.

ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಹಲಗೆ ಪರೀಕ್ಷೆಯೂ ಉಂಟು. ಐಡಲ್‌ನಲ್ಲಿ ಪ್ರಿ-ಕ್ಲೀನರ್ ತೆಗೆದು ಕೊಳವೆಯ ಬಾಯಿಗೆ ಹಲಗೆ ಮುಚ್ಚಿದರೆ ಎಂಜಿನ್ ಕೆಲವೇ ಕ್ಷಣದಲ್ಲಿ ಸಾಯಬೇಕು. ಸಾಯದೆ ಗೊರಗೊರ ಎಂದು ನಡೆಯುತ್ತಿದ್ದರೆ ಅದು ಇನ್ನೆಲ್ಲಿಂದಲೋ ಉಸಿರಾಡುತ್ತಿದೆ. ಟರ್ಬೊ ಗಾಡಿಯಲ್ಲಿ ಇದನ್ನು ಮಾಡಬೇಡಿ, ಆ ಎಳೆತಕ್ಕೆ ಟರ್ಬೊದ ಸೀಲ್ ದಾಟಿ ಆಯಿಲ್ ಬರಬಹುದು.

ಸಣ್ಣ ಸೋರಿಕೆ ಈ ಪರೀಕ್ಷೆಗೆ ಸಿಗುವುದಿಲ್ಲ. ಅದಕ್ಕೆ ಕಾಕಾ ಹೇಳಿಕೊಟ್ಟದ್ದು: ಪ್ರತಿ ಜೋಡಣೆಯಿಂದ ಎಂಜಿನ್ ಕಡೆಗೆ, ಪೈಪಿನ ಒಳಗೋಡೆಗೆ ಗ್ರೀಸನ್ನು ಎಷ್ಟು ತೆಳ್ಳಗೆ ಸಾಧ್ಯವೋ ಅಷ್ಟು ತೆಳ್ಳಗೆ ಸವರುವುದು. ಎರಡು ದಿನ ರಾಶಿ ಮಾಡಿ ಬಿಚ್ಚಿದರೆ ಯಾವ ಜೋಡಣೆಯ ಪಕ್ಕದ ಗ್ರೀಸ್ ಬೂದಿ ಬಣ್ಣಕ್ಕೆ ತಿರುಗಿದೆಯೋ ಸೋರಿಕೆ ಅಲ್ಲಿ. ಹೊಸ ಎಲ್ಬೋ ಹಾಕಿದ ಮೇಲೆ ನಮ್ಮ ಗಾಡಿಯಲ್ಲಿ ಹೀಗೆ ಮೂರು ಕಡೆ ಸವರಿದ್ದೆ. ಎರಡು ಜಾಗದ ಗ್ರೀಸ್ ಹಚ್ಚಿದಂತೆಯೇ ಜೇನಿನ ಬಣ್ಣದಲ್ಲಿತ್ತು. ಮೂರನೆಯದು, ಕ್ಲೀನರಿನ ಬಟ್ಟಲು ದಾಟಿ ಪೈಪ್ ಹೊರಡುವ ಕಡೆಯದು, ಒಂದು ಬದಿಯಲ್ಲಿ ಮಾತ್ರ ಬೂದಿ ಬಣ್ಣಕ್ಕೆ ತಿರುಗಿತ್ತು. ಅಲ್ಲಿನ ಕ್ಲಿಪ್ಪನ್ನು ಬಿಗಿದವನು ನಾನೇ.