‘ಹೊರಗೆ ಮಾಡಿಸ್ಕೊಂಡ್ ಬನ್ನಿ’

ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಒಪಿಡಿ ಚೀಟಿಯಲ್ಲಿ ‘ಸ್ಕ್ಯಾನಿಂಗ್’ ಎಂದು ಗೀಚಿ, ಹೊರಗೆ ಮಾಡಿಸಿಕೊಂಡು ಬರಲು ಹೇಳಿದರೆ ‘ಹೊರಗೆ ಅಂದ್ರೆ ಎಲ್ಲಿ’ ಎಂದು ಯಾರೂ ಕೇಳುವುದಿಲ್ಲ. ಗೇಟಿನೆದುರೇ ಸೆಂಟರ್ ಇರುತ್ತದೆ. ಎಷ್ಟೋ ಕಡೆ ಒಳಗೂ ಯಂತ್ರವಿದೆ. ಕೋಣೆಗೆ ಬೀಗವಿದೆ.

ದುಡ್ಡಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದೆಂದು, ದೇಶದ ಆರೋಗ್ಯ ಸೇವೆಯ ಪರಿಶೀಲನೆಗೆ ಸರ್ಕಾರ ನೇಮಿಸಿದ್ದ ಭೋರ್ ಸಮಿತಿ ಹೇಳಿದ್ದು 1946ರಲ್ಲಿ. ಮುಂದಿನ ನಾಲ್ಕು ದಶಕ ಆರೋಗ್ಯ ಕೇಂದ್ರಗಳನ್ನು ಕಟ್ಟುವುದರಲ್ಲೇ ಕಳೆಯಿತು. ಅಷ್ಟರಲ್ಲಿ ಮದ್ರಾಸಿನಲ್ಲಿ ಖಾಸಗಿ ಆಸ್ಪತ್ರೆ ಅಪೊಲೊ ಬಾಗಿಲು ತೆರೆದಿತ್ತು (1983), ದುಬಾರಿ ಯಂತ್ರಗಳ ಕಾಲ ಶುರುವಾಗಿತ್ತು.

ಈ ಕಥೆಯ ತಿರುವು ಇರುವುದು 1988ರ ಮಾರ್ಚ್ 1ರ ಒಂದು ಕಸ್ಟಮ್ಸ್ ಅಧಿಸೂಚನೆಯಲ್ಲಿ. ವಿದೇಶದಿಂದ ತರುವ ಆಸ್ಪತ್ರೆ ಉಪಕರಣಗಳಿಗೆ ಸುಂಕ ಮಾಫಿ. ಬದಲಿಗೆ, ಹೊರರೋಗಿಗಳಲ್ಲಿ ಶೇ 40ರಷ್ಟು ಜನರಿಗೆ ಉಚಿತ ಚಿಕಿತ್ಸೆ ಕೊಡಬೇಕು. ತಿಂಗಳ ಆದಾಯ 500 ರೂಪಾಯಿಗಿಂತ ಕಡಿಮೆಯಿರುವ ಕುಟುಂಬಗಳಿಗೆ ಶೇ 10ರಷ್ಟು ಹಾಸಿಗೆ ಮೀಸಲಿಡಬೇಕು. ಕಾಗದದ ಮೇಲೆ ಚೊಕ್ಕ ವ್ಯವಹಾರ. ಯಂತ್ರಗಳು ಬಂದವು. ಷರತ್ತು ಪಾಲನೆಯಾಯಿತೇ ಎಂದು ನೋಡುವವರು ಯಾರು ಎಂಬುದು ಮಾತ್ರ ಇತ್ಯರ್ಥವಾಗಲಿಲ್ಲ. 1994ರಲ್ಲಿ ಅಧಿಸೂಚನೆಯೇ ರದ್ದಾಯಿತು. 1996ರಲ್ಲಿ ಸುಪ್ರೀಂ ಕೋರ್ಟ್, ಮಾಫಿ ಪಡೆದವರಿಗೆ ಈ ಹೊಣೆ ಒಂದೇ ಸಲಕ್ಕೆ ಮುಗಿಯುವಂಥದ್ದಲ್ಲ, ತಪ್ಪಿದವರಿಂದ ಸುಂಕ ವಸೂಲು ಮಾಡಿ ಎಂದಿತು. ಎಷ್ಟು ಬಡವರಿಗೆ ಚಿಕಿತ್ಸೆ ಕೊಟ್ಟಿರಿ ಎಂಬುದನ್ನು ತಿಂಗಳು ತಿಂಗಳೂ ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟಿಸಿ ಎಂದೂ ಹೇಳಿತು. ಅಂಥ ಪ್ರಕಟಣೆಯನ್ನು ನಾನಂತೂ ಓದಿದ ನೆನಪಿಲ್ಲ.

ಸರ್ಕಾರಿ ಆಸ್ಪತ್ರೆಗಳಿಗೂ ಹಣ ಬರಲಿಲ್ಲವೆಂದಲ್ಲ. ವಿಶ್ವಬ್ಯಾಂಕ್ ನೆರವಿನ ಯೋಜನೆ 1996ರಲ್ಲಿ ಶುರುವಾಗಿ ಕರ್ನಾಟಕದ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಿಗೆ ಕಟ್ಟಡ, ಉಪಕರಣ ಎರಡೂ ಬಂದವು. ಆಮೇಲೆ ಹಣ ರೋಗಿಯ ಬೆನ್ನು ಹತ್ತಿತು, ಚಿಕಿತ್ಸೆಯ ಖರ್ಚು ಭರಿಸುವ ಯೋಜನೆಗಳು ಬಂದವು: ಸಹಕಾರಿ ರೈತರಿಗೆ ಯಶಸ್ವಿನಿ (2003), ಬಿಪಿಎಲ್ ಕುಟುಂಬಗಳಿಗೆ ವಾಜಪೇಯಿ ಆರೋಗ್ಯಶ್ರೀ (2010), 2018ರಲ್ಲಿ ಆರೋಗ್ಯ ಕರ್ನಾಟಕ. ಕಾರ್ಡು ಹಿಡಿದ ಬಡವರು ದೊಡ್ಡ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಸಣ್ಣ ಮಾತಲ್ಲ. ಆದರೆ ಒಂದು ಕಾಲಕ್ಕೆ ಸುಂಕ ಬಿಟ್ಟು ತರಿಸಿಕೊಟ್ಟ ಸೌಲಭ್ಯಕ್ಕೇ ಬೊಕ್ಕಸ ಈಗ ಚಿಕಿತ್ಸೆಗೆ ಇಷ್ಟೆಂದು ಗೊತ್ತುಮಾಡಿದ ಪ್ಯಾಕೇಜ್ ಲೆಕ್ಕದಲ್ಲಿ ಬಿಲ್ ಕಟ್ಟುತ್ತಿದೆ.

ಹಾಗಾದರೆ ಒಳಗಿನ ಯಂತ್ರಕ್ಕೆ ಬೀಗ ಏಕೆ? ಯಂತ್ರ ಕೊಳ್ಳುವುದು ಒಂದು ಸಲದ ಖರ್ಚು: ಟೆಂಡರ್, ಉದ್ಘಾಟನೆ, ಫೋಟೊ. ನಡೆಸುವ ಖರ್ಚು ವರ್ಷ ವರ್ಷದ್ದು. ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯ ಪ್ರಕಾರ ಅಲ್ಟ್ರಾಸೌಂಡ್ ಯಂತ್ರವನ್ನು ನಿಗದಿತ ಅರ್ಹತೆ ಇಲ್ಲದವರು ಮುಟ್ಟುವಂತಿಲ್ಲ, ಅದು ಸರಿಯೇ. ಹಾಗಾಗಿ ಸ್ಕ್ಯಾನಿಂಗ್ ಮಾಡುವ ತಜ್ಞ ವೈದ್ಯರ, ಅಂದರೆ ರೇಡಿಯಾಲಜಿಸ್ಟ್ ಹುದ್ದೆ ಖಾಲಿ ಬಿದ್ದರೆ ಯಂತ್ರವೂ ಖಾಲಿ ಕೂರುತ್ತದೆ. ಎದುರಿನ ಸೆಂಟರಿಗೆ ಆ ತಾಪತ್ರಯವಿಲ್ಲ. ಅಲ್ಲಿ ಯಂತ್ರ ನಿಂತ ದಿನ ಸಾಲದ ಕಂತು ನಿಲ್ಲುವುದಿಲ್ಲವಲ್ಲ, ತಜ್ಞರನ್ನು ಹೇಗಾದರೂ ಕರೆತರುತ್ತಾರೆ.

2015ರಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನ ಉಪಕರಣ ನಿರ್ವಹಣೆಯ ಕಾರ್ಯಕ್ರಮ ಶುರುಮಾಡಿತು. ಅದಕ್ಕಾಗಿ ಎಣಿಸಿದಾಗ, ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 13ರಿಂದ 34ರಷ್ಟು ಉಪಕರಣ ಕೆಟ್ಟು ಕೂತಿದ್ದವು. ದುರಸ್ತಿಯನ್ನು ಗುತ್ತಿಗೆಗೆ ಕೊಡುವ ಏರ್ಪಾಡಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ಉಪಕರಣಗಳು ಶೇ 95ರಷ್ಟು ಸಮಯ ಸುಸ್ಥಿತಿಯಲ್ಲಿರಬೇಕೆಂಬ ಗುರಿಯೂ ಇದೆ. ಬೀಗದ ಹಿಂದೆ ಕೆಡದೆ ಕೂತಿರುವ ಸ್ಕ್ಯಾನಿಂಗ್ ಯಂತ್ರ ಈ ಲೆಕ್ಕದಲ್ಲಿ ಸುಸ್ಥಿತಿಯಲ್ಲೇ ಇರುತ್ತದೆ.