ಬ್ರೇಕ್ ಕಿರುಚಿತೆಂದು ಪ್ಯಾಡ್ ಕೊಳ್ಳಲು ಓಡಬೇಡಿ

ನಮ್ಮ ಗ್ಯಾರೇಜಿಗೆ ಬರುವ ಸ್ಪೋರ್ಟ್ಸ್ ಕಾರುಗಳವರು ಎಂಜಿನ್ ಬಗ್ಗೆ ದೂರುವುದು ಕಡಿಮೆ, ಬ್ರೇಕಿನ ಸದ್ದಿನ ಬಗ್ಗೆ ದೂರುವುದು ಹೆಚ್ಚು. "ಸರ್, ಬ್ರೇಕ್ ಚೆನ್ನಾಗೇ ಹಿಡಿಯುತ್ತೆ. ಸಿಗ್ನಲ್ ಹತ್ರ ನಿಲ್ಲಿಸೋವಾಗ ಮಾತ್ರ ಕುಯ್ಯ್ ಅನ್ನುತ್ತೆ, ಆಟೋದವರೆಲ್ಲ ತಿರುಗಿ ನೋಡ್ತಾರೆ. ಪ್ಯಾಡು, ಡಿಸ್ಕು ಎರಡೂ ಹೊಸದು ಹಾಕ್ಬಿಡಿ" ಎಂದು ಕೀ ಕೈಗಿಟ್ಟುಬಿಡುತ್ತಾರೆ. ಅಷ್ಟು ದುಡ್ಡು ಸುರಿದ ಗಾಡಿ ನಡುರಸ್ತೆಯಲ್ಲಿ ಕಿರುಚಿಕೊಂಡರೆ ಮುಜುಗರವಾಗುವುದು ಸಹಜ. ಆದರೆ ಹೊಸ ಪ್ಯಾಡಿಗೆ ಆರ್ಡರ್ ಹಾಕುವ ಮೊದಲು ನಾನು ಕೇಳುವುದು ಇಷ್ಟೇ: ಸದ್ದು ಯಾವಾಗ ಬರುತ್ತದೆ?

ಬೆಳಿಗ್ಗೆ ಗಾಡಿ ತೆಗೆದಾಗ ಮೊದಲ ಎರಡು ಮೂರು ಬ್ರೇಕಿಗೆ ಬಂದು ಆಮೇಲೆ ನಿಂತುಹೋದರೆ ಅದು ತುಕ್ಕು. ಚಕ್ರದ ಜೊತೆ ತಿರುಗುವ ಡಿಸ್ಕ್ ಸಾಮಾನ್ಯವಾಗಿ ಎರಕದ ಕಬ್ಬಿಣದ್ದು, ಅದನ್ನು ಎರಡೂ ಕಡೆಯಿಂದ ಒತ್ತಿ ನಿಲ್ಲಿಸುವುದು ಪ್ಯಾಡ್. ಮಳೆಗಾಲದ ಒಂದು ರಾತ್ರಿ ಅಥವಾ ಒಂದು ವಾಟರ್ ವಾಶ್ ಸಾಕು, ಮೇಲೆ ಕೆಂಪು ಪೊರೆ ಕಟ್ಟುತ್ತದೆ. ಪ್ಯಾಡೇ ಅದನ್ನು ಉಜ್ಜಿ ತೆಗೆಯುತ್ತದೆ, ಅದರ ತಂಟೆಗೆ ಹೋಗಬೇಡಿ. ಕುಯ್ಯ್ ಅಲ್ಲದೆ ಕರಕರ ಎಂದು ಅರೆದ ಸದ್ದು ಬಂದರೆ ಪ್ಯಾಡ್ ಸವೆದು ಹಿಂದಿನ ಕಬ್ಬಿಣದ ತಟ್ಟೆಯೇ ಡಿಸ್ಕನ್ನು ಕೆರೆಯುತ್ತಿರಬಹುದು. ಗಾಡಿಯನ್ನು ಅಲ್ಲೇ ನಿಲ್ಲಿಸಿ, ಟೋ ಮಾಡಿಸಿ. ಬ್ರೇಕ್ ಒತ್ತದೇ ಇದ್ದಾಗಲೂ ಸದ್ದಿದ್ದರೆ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಲ್ಲು ಸಿಕ್ಕಿರುತ್ತದೆ, ಇಲ್ಲವೇ ಪ್ಯಾಡ್ ಬಿಗಿದುಕೊಂಡಿರುತ್ತದೆ. ಇವೆಲ್ಲ ಕಳೆದು ಉಳಿಯುವುದು ನಿಜವಾದ ಕಿರುಚಾಟ: ಕಾಲು ಹಗುರವಾಗಿ ಪೆಡಲ್ ಮೇಲಿದ್ದಾಗ, ವೇಗ 20 ಕಿ.ಮೀ.ಗಿಂತ ಕೆಳಗಿಳಿದಾಗ ಬರುವಂಥದ್ದು.

ಇದು ಏನೋ ಮುರಿದುಹೋದ ಸದ್ದಲ್ಲ, ನಡುಕದ ಸದ್ದು. ಪ್ಯಾಡ್ ಡಿಸ್ಕನ್ನು ಕಚ್ಚುತ್ತದೆ, ಜಾರುತ್ತದೆ, ಮತ್ತೆ ಕಚ್ಚುತ್ತದೆ, ಸೆಕೆಂಡಿಗೆ ಸಾವಿರಾರು ಸಲ. ಕರಿಹಲಗೆಯ ಮೇಲೆ ಸೀಮೆಸುಣ್ಣ ಕೀಚುವುದೂ ಹೀಗೆಯೇ, ಕಡ್ಡಿಯನ್ನು ಅರ್ಧಕ್ಕೆ ಮುರಿದರೆ ಅದು ಸುಮ್ಮನಾಗುವುದನ್ನು ಶಾಲೆಯಲ್ಲಿ ನೋಡಿಯೇ ಇರುತ್ತೀರಿ. ಡಿಸ್ಕ್ ಬ್ರೇಕಿಗೆ ಈ ಕಾಯಿಲೆ ಹುಟ್ಟಿನಿಂದಲೇ ಇದೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಪೇಟೆಂಟ್ ಪಡೆದ ಡಿಸ್ಕ್ ಬ್ರೇಕಿನಲ್ಲಿ ತಾಮ್ರ ಡಿಸ್ಕಿಗೆ ಉಜ್ಜುತ್ತಿತ್ತು. ಆ ಕಿರುಚಾಟ ಸಹಿಸುವಂತಿರಲಿಲ್ಲ.

ಇನ್ನು ನಮ್ಮೂರಿನ ಕಥೆಗೆ ಬರೋಣ. ಗಂಟೆಗೆ 250 ಕಿ.ಮೀ. ದಾಟಿ ಓಡಬಲ್ಲ ಗಾಡಿಯನ್ನು ನಿಲ್ಲಿಸಲೆಂದು ಮಾಡಿದ ಬ್ರೇಕು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಇಂಚಿಂಚು ತೆವಳುತ್ತದೆ. ಪ್ಯಾಡಿಗೆ ಸರಿಯಾಗಿ ಬಿಸಿ ಏರುವುದೇ ಇಲ್ಲ. ಪ್ಯಾಡ್ ಹದವಾಗಿ ಬಿಸಿಯಾದಾಗ ತನ್ನದೇ ವಸ್ತುವಿನ ತೆಳು ಪದರವೊಂದನ್ನು ಡಿಸ್ಕಿನ ಮೇಲೆ ಸಮವಾಗಿ ಹಚ್ಚಬೇಕು, ಹಿಡಿತ ಬರುವುದು ಬಹುಪಾಲು ಆ ಪದರದಿಂದ. ಬರೀ ಸವರಿ ಸವರಿ ನಿಲ್ಲಿಸುತ್ತಿದ್ದರೆ ಪದರ ಅಲ್ಲಲ್ಲಿ ತೇಪೆಯಾಗುತ್ತದೆ, ಪ್ಯಾಡಿನ ಮುಖ ನುಣುಪಾಗಿ ಹೊಳೆಯತೊಡಗುತ್ತದೆ. ನಾನು ನೋಡುವ ಹೆಚ್ಚಿನ ಗಾಡಿಗಳು ಕೂಗುವುದು ಕೆಲಸ ಹೆಚ್ಚಾಗಿ ಅಲ್ಲ, ಕೆಲಸವೇ ಇಲ್ಲದೆ.

ಈಚೆಗೆ ಬಂದ ಒಂದು ಹಳೆಯ ಪೋರ್ಷೆ ಬಾಕ್ಸ್‌ಸ್ಟರ್‌ನಲ್ಲಿ ಇದರ ಜೊತೆಗೆ ಇನ್ನೊಂದು ಎಡವಟ್ಟೂ ಇತ್ತು. ಬೇರೆಲ್ಲೋ ಹೊಸ ಪ್ಯಾಡ್ ಹಾಕಿಸಿದ್ದರು, ಸದ್ದು ಮೊದಲಿಗಿಂತ ಜೋರಾಗಿತ್ತು. ಚಕ್ರ ಬಿಚ್ಚಿ ಪ್ಯಾಡ್ ಹೊರತೆಗೆದು ಬೆಳಕಿಗೆ ಹಿಡಿದರೆ ಮುಖ ಕನ್ನಡಿಯಂತೆ ಮಿನುಗುತ್ತಿತ್ತು. ನಡುಕ ತಡೆಯಲು ಬೆನ್ನಿಗೆ ಅಂಟಿರಬೇಕಾದ ಡ್ಯಾಂಪರ್‌ಗಳು ಇರಲೇ ಇಲ್ಲ. ಈ ಗಾಡಿಯಲ್ಲಿ ಡಿಸ್ಕನ್ನು ಇಕ್ಕಳದಂತೆ ಹಿಡಿಯುವ ಮುಂದಿನ ಕ್ಯಾಲಿಪರ್‌ನಲ್ಲಿ ಪ್ಯಾಡನ್ನು ತಳ್ಳುವ ನಾಲ್ಕು ಪಿಸ್ಟನ್. ಡಿಸ್ಕ್ ಕ್ಯಾಲಿಪರ್ ಒಳಗೆ ನುಗ್ಗುವ ಕಡೆಯದು ಚಿಕ್ಕದು, ಹೊರಬರುವ ಕಡೆಯದು ದೊಡ್ಡದು, ಪ್ಯಾಡ್ ಓರೆಯಾಗಿ ಸವೆಯದಿರಲೆಂದು. ಡ್ಯಾಂಪರ್ ಒಂದು ಕಡೆ ಪ್ಯಾಡಿನ ಬೆನ್ನಿಗೆ ಅಂಟಿ, ಇನ್ನೊಂದು ಕಡೆ ಪಿಸ್ಟನ್ನಿನ ಟೊಳ್ಳಿನೊಳಗೆ ಕಚ್ಚಿ ಕೂರುತ್ತದೆ. ಹಾಗಾಗಿ ಅದರಲ್ಲೂ ಎರಡು ಅಳತೆ. ಚಿಕ್ಕದನ್ನು ದೊಡ್ಡ ಪಿಸ್ಟನ್ನಿಗೆ ಹಾಕಿದರೆ ಲೊಡಲೊಡ ಆಡುತ್ತದೆ, ಹಾಕಿಯೂ ಹಾಕದಂತೆ. ಪ್ಯಾಡ್ ಬದಲಿಸುವಾಗ ಇವನ್ನೂ ಹೊಸದಾಗಿ ತರಿಸುವುದು ಲೇಸು. ಅಂಟು ಒಮ್ಮೆ ಕಿತ್ತರೆ ಮತ್ತೆ ಹಿಡಿಯುವುದಿಲ್ಲ.

ಆ ಪ್ಯಾಡುಗಳನ್ನು ಎಸೆಯಲಿಲ್ಲ. ದಪ್ಪ ಗಾಜಿನ ಹಲಗೆಯ ಮೇಲೆ 120ರ ಎಮರಿ ಪೇಪರ್ ಹಾಸಿ, ಮುಖದ ಹೊಳಪು ಹೋಗುವವರೆಗೆ ಹಗುರವಾಗಿ ಉಜ್ಜಿದೆವು. ಚೂಪಾಗಿದ್ದ ಎರಡು ಅಂಚುಗಳನ್ನೂ ಅರದಿಂದ ಓರೆ ಮಾಡಿದೆವು. ಆ ಅಂಚು ಡಿಸ್ಕನ್ನು ಕೊಕ್ಕೆ ಹಾಕಿದಂತೆ ಹಿಡಿಯುವುದು ತಪ್ಪಿದರೆ ಅರ್ಧ ಸದ್ದು ಅಲ್ಲೇ ಹೋಗುತ್ತದೆ. ಧೂಳಿಗೆ ಮಾಸ್ಕ್ ಹಾಕಿಕೊಳ್ಳಿ, ಕಂಪ್ರೆಸರ್ ಗಾಳಿ ಮಾತ್ರ ಹೊಡೆಯಬೇಡಿ, ಬ್ರೇಕ್ ಕ್ಲೀನರ್‌ನಲ್ಲಿ ತೊಳೆಯಿರಿ. ಡಿಸ್ಕಿಗೂ ಅಡ್ಡಾದಿಡ್ಡಿ ಎಮರಿ ಹೊಡೆದು ಮೈಕ್ರೋಮೀಟರಿನಿಂದ ದಪ್ಪ ಅಳೆದೆವು. ಕನಿಷ್ಠ ದಪ್ಪ ಎಷ್ಟಿರಬೇಕೆಂದು ಡಿಸ್ಕಿನ ಮೇಲೇ ಕೊರೆದಿರುತ್ತಾರೆ. ಅದಕ್ಕಿಂತ ಕೆಳಗಿಳಿದಿದ್ದರೆ ಚೌಕಾಸಿ ಇಲ್ಲ, ಹೊಸದೇ ಆಗಬೇಕು.

ಕರಾವಳಿಯಿಂದ ಬರುವ ಗಾಡಿಗಳಲ್ಲಿ ಇನ್ನೊಂದು ಜಾಗ ನೋಡುತ್ತೇನೆ. ಅಲ್ಯೂಮಿನಿಯಂ ಕ್ಯಾಲಿಪರ್‌ನೊಳಗೆ ಪ್ಯಾಡ್ ಜಾರಲೆಂದು ಸ್ಟೀಲ್ ಪಟ್ಟಿ ಇರುತ್ತದೆ. ಉಪ್ಪುಗಾಳಿಗೆ ಪಟ್ಟಿಯ ಕೆಳಗೆ ಬಿಳಿ ಪುಡಿ ಬೆಳೆದು ಪಟ್ಟಿ ಮೇಲೇಳುತ್ತದೆ, ಪ್ಯಾಡ್ ಸಿಕ್ಕಿಕೊಳ್ಳುತ್ತದೆ. ಪಟ್ಟಿ ಬಿಚ್ಚಿ ಕೆರೆದು ಕೂರಿಸದೆ ಎಷ್ಟು ದುಬಾರಿ ಪ್ಯಾಡ್ ಹಾಕಿದರೂ ಅಷ್ಟೇ.

ಗ್ರೀಸಿನ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಪ್ಯಾಡಿನ ಬೆನ್ನಿಗೆ, ಅದು ಜಾರುವ ಅಂಚಿಗೆ, ಪಿನ್ನಿಗೆ ತೆಳುವಾಗಿ, ಅದೂ ಬ್ರೇಕಿಗೆಂದೇ ಮಾಡಿದ ಸಿಲಿಕೋನ್ ಅಥವಾ ಸೆರಾಮಿಕ್ ಗ್ರೀಸ್ ಮಾತ್ರ. ಡ್ಯಾಂಪರ್ ಅಂಟುವ ಜಾಗ ಒಣಗಿಯೇ ಇರಬೇಕು. ಬೇರಿಂಗ್ ಗ್ರೀಸ್ ಹಚ್ಚಿದರೆ ಪಿಸ್ಟನ್ ಸುತ್ತಲಿನ ರಬ್ಬರ್ ಉಬ್ಬುತ್ತದೆ. ಸದ್ದು ಹೋಗಲೆಂದು ಡಿಸ್ಕಿಗೇ ಎಣ್ಣೆ ಸ್ಪ್ರೇ ಹೊಡೆದು ಬಂದವರೂ ಇದ್ದಾರೆ! ಸದ್ದೇನೋ ಹೋಗುತ್ತದೆ, ಜೊತೆಗೆ ಬ್ರೇಕೂ ಹೋಗುತ್ತದೆ. ಎಣ್ಣೆ ಕುಡಿದ ಪ್ಯಾಡ್ ಕಸದ ಬುಟ್ಟಿಗೇ.

ಜೋಡಿಸಿದ ಮೇಲೆ ಪ್ಯಾಡನ್ನು ಡಿಸ್ಕಿಗೆ ಪಳಗಿಸಬೇಕು. ಬೆಳಗಿನ ಜಾವ, ಹಿಂದೆ ಮುಂದೆ ಯಾರೂ ಇಲ್ಲದ ರಸ್ತೆಯಲ್ಲಿ 80ರಿಂದ 20ಕ್ಕೆ ಗಟ್ಟಿಯಾಗಿ, ಚಕ್ರ ಕಚ್ಚದಂತೆ ಇಳಿಸಿ, ಮತ್ತೆ ವೇಗ ಏರಿಸಿ. ಎಂಟು ಹತ್ತು ಸಲ. ನಡುವೆ ಪೂರ್ತಿ ನಿಲ್ಲಿಸಬಾರದು. ಬಿಸಿ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿ ನಿಂತರೆ ಅಲ್ಲೇ ಅಚ್ಚು ಬೀಳುತ್ತದೆ. ಕೊನೆಗೆ ಬ್ರೇಕ್ ಹೆಚ್ಚು ಮುಟ್ಟದೆ ಹತ್ತು ನಿಮಿಷ ಓಡಿಸಿ ಆರಲು ಬಿಡಿ. ಪ್ಯಾಡ್ ತಯಾರಕರು ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಿ. ಬಾಕ್ಸ್‌ಸ್ಟರ್ ಸುಮ್ಮನಾದದ್ದು ಇದಾದ ಮೇಲೆಯೇ. ಈಗ ಅದರ ಮಾಲೀಕರಿಗೆ ವಾರಕ್ಕೊಮ್ಮೆಯಾದರೂ ನಾಲ್ಕಾರು ಗಟ್ಟಿ ಬ್ರೇಕ್ ಹಾಕಿ ಎಂದಿದ್ದೇನೆ.

ಇಷ್ಟಾದರೂ ಕೆಲವು ಗಾಡಿ ಕೂಗುತ್ತವೆ. ಚೆನ್ನೈ ಹತ್ತಿರ, ಶ್ರೀಪೆರಂಬದೂರಿನ ಬಳಿಯ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೆ ಹೋಗಲೆಂದು ರೇಸ್ ಪ್ಯಾಡ್ ಹಾಕಿಸಿ ಅದರಲ್ಲೇ ಆಫೀಸಿಗೂ ಓಡಾಡುವವರಿಗೆ ನನ್ನ ಬಳಿ ಮದ್ದಿಲ್ಲ. ತಣ್ಣಗಿದ್ದಾಗ ಆ ಪ್ಯಾಡ್ ಕಿರುಚುತ್ತದೆ, ಹಿಡಿತವೂ ಕಡಿಮೆ. ಎರಡು ಸೆಟ್ ಇಟ್ಟುಕೊಳ್ಳಿ. ಸೆರಾಮಿಕ್ ಡಿಸ್ಕ್ ಇರುವ ಗಾಡಿಯಾದರೆ ಮೇಲೆ ಹೇಳಿದ ಎಮರಿ ಉಪಚಾರ ಅದರ ಡಿಸ್ಕಿಗೆ ಸಲ್ಲದು, ಮುಟ್ಟಲೇಬೇಡಿ.

ಮನೆಯಲ್ಲೇ ಕೈಹಾಕುವವರಿಗೆ ಒಂದು ಮಾತು. ಪ್ಯಾಡ್ ಕೂರಿಸಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುತ್ತೀರಿ. ಕೆಲಸ ಮುಗಿಸಿ ಗೇರ್ ಹಾಕುವ ಮೊದಲು ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಿ. ಇಲ್ಲದಿದ್ದರೆ ಮೊದಲ ಬ್ರೇಕಿಗೆ ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ.